ಮಂಜಿನಲ್ಲಿ ಹಳದಿ ಸೀರೆ

ಮಗಳು ಕಾಲೇಜಿಗೆ ಹೋಗುವಷ್ಟು ವರ್ಷ ಸಂಸಾರ ಮಾಡಿದ ಗಂಡಸಿಗೆ ಹೆಂಡತಿಯ ಗುರುತು ಸಿಗದೆ ಇರುತ್ತದೆಯೇ? ನಾನೂ ಹಾಗೇ ನಂಬಿದ್ದೆ. ಆದರೆ ತೊಂಬತ್ತರ ದಶಕದ ಕೊನೆಯಲ್ಲಿ ಒಂದು ದಿನ ರಸೆಲ್ ಮಾರುಕಟ್ಟೆಯಲ್ಲಿ ಶಾರದೆ ಎದುರೇ ನಿಂತು "ರೀ" ಎಂದರೂ, "ಸ್ವಲ್ಪ ಜಾಗ ಬಿಡೀಮ್ಮ" ಎಂದು ದಾಟಿ ಹೋಗಿಬಿಟ್ಟೆ!

ಅಂದು ಊಟಕ್ಕೆ ಮೊದಲೇ ವಿಚಾರಣೆ ನಡೆಯಿತು.

"ಕೆರೆ ದಡದಲ್ಲಿ ಸೂಜಿ ಥರ ತೆಳ್ಳಗಿರೋ ಏರೋಪ್ಲೇನ್ ಚಿಟ್ಟೆ ಇದೆಯಲ್ಲ, ಅದು ನಿಮಗಿಂತ ವಾಸಿ. ಬಣ್ಣ ನೋಡಿ ಹೆಣ್ಣಿನ ಹತ್ರ ಬರುತ್ತಂತೆ. ಮಗಳ ಪುಸ್ತಕದಲ್ಲಿದೆ. ಗಂಡು ಬಂದು ಕತ್ತಿನ ಹಿಂದೆ ಹಿಡಿದಾಗ ಆ ಹಿಡಿತ ಹೊಂದದಿದ್ರೆ, ಇವನು ನಮ್ಮವನಲ್ಲ ಅಂತ ಹೆಣ್ಣು ಒಪ್ಪೋದೇ ಇಲ್ವಂತೆ."

"ನಾಳೆ ಬೆಳಿಗ್ಗೆ ನೀನು ದೇವಸ್ಥಾನಕ್ಕೆ ಹೋಗ್ವಾಗ ಮಂಜಲ್ಲಿ ಬರೀ ಬೆನ್ನು ನೋಡಿ ನಿನ್ನ ಗುರುತು ಹಿಡೀತೀನಿ, ನೋಡ್ತಿರು!"

"ತಪ್ಪಿದ್ರೆ ನಾನು ಕಲ್ಯಾಣ ನಗರಕ್ಕೆ, ಅಕ್ಕನ ಮನೆಗೆ. ಸಂಕ್ರಾಂತಿ ಎಳ್ಳು ನೀವೇ ಬೀರ್ಕೊಳ್ಳಿ."

ಆಗ ಧನುರ್ಮಾಸ. ಮರುದಿನ ನಸುಕಿನಲ್ಲೇ ಶಾರದೆ ಭಜನಾ ಮಂಡಳಿಯವರ ಜೊತೆ ದೇವಸ್ಥಾನಕ್ಕೆ ಹೊರಟಳು. ಹೊಸ ಹಳದಿ ಸೀರೆ ಉಟ್ಟಿದ್ದನ್ನು ಕದ್ದು ನೋಡಿಕೊಂಡು, ಹಿಂದೆಯೇ ಹಲಸೂರು ಕೆರೆಯ ದಂಡೆಗೆ ಹೋದೆ. ಚಿಟ್ಟೆಯ ಬುದ್ಧಿ!

ನೀರೂ ದಾರಿಯೂ ಮಂಜಿನಲ್ಲಿ ಒಂದಾಗಿದ್ದವು. ಮುಂದೆ ಹಳದಿ ಸೀರೆ ಕಂಡಿತು. "ಶಾರದಾ" ಎಂದೆ. ಉತ್ತರವಿಲ್ಲ. ಹೆಜ್ಜೆಯ ಸದ್ದೂ ಇಲ್ಲ. ಬಿರುಸಾಗಿ ನಡೆದೆ. ಅದೇ ಸೀರೆ ಎಡಕ್ಕೆ ಕಂಡಿತು. ಮರದ ಬುಡದಲ್ಲೂ ಅದೇ. ನೀರಿನಂಚಿನಲ್ಲೂ ಅದೇ! ಒಬ್ಬಳೇ ಹೆಂಡತಿ ಇಷ್ಟು ಕಡೆ ಹೇಗೆ? ಧೈರ್ಯ ಮಾಡಿ ಹತ್ತಿರದ ಭುಜ ಹಿಡಿದೆ. ಮಂಜಿನಷ್ಟೇ ತಣ್ಣಗಿತ್ತು. ಮುಖ ಮೆಲ್ಲಗೆ ತಿರುಗಿತು. ನನ್ನವಳಲ್ಲ! ಅದರ ಹಿಂದೆ ಹಳದಿ ಸೀರೆಗಳೆಲ್ಲ ಒಂದೊಂದಾಗಿ ತಿರುಗಿ, ತುಟಿ ಬಿಚ್ಚದೆ ನನ್ನನ್ನೇ ನೋಡಿದವು.

ಹಿಡಿತ ಹೊಂದಲಿಲ್ಲ. ನಾನು ಅಲ್ಲೇ ಕುಸಿದೆ.

ದೇವಸ್ಥಾನದ ಗಂಟೆ ಬಾರಿಸಿದ ಮೇಲೆ ವಿಷಯ ತಿಳಿಯಿತು. ಮಂಡಳಿಗೆಲ್ಲ ಒಂದೇ ಬಗೆಯ ಸೀರೆ. ಬರಿಗಾಲು. ದರ್ಶನವಾಗುವವರೆಗೆ ಮೌನ. ಇದನ್ನೆಲ್ಲ ಶಾರದೆ ಮೊದಲೇ ಹೇಳಿದ್ದಳಂತೆ, ನಾನು ಹೂಂಗುಟ್ಟಿದ್ದೆನಂತೆ. ನಾನು ಹಿಡಿದದ್ದು ಮಂಡಳಿಯ ಅಧ್ಯಕ್ಷೆಯ ಭುಜ!

"ನೀನೆಲ್ಲಿದ್ದೆಯೇ?"

"ಎಲ್ಲರಿಗಿಂತ ಹಿಂದೆ. ನೀವು ಮೊದ್ಲು ದಾಟ್ಕೊಂಡು ಹೋಗಿದ್ದೇ ನನ್ನನ್ನ."

ಮಾತಿನಂತೆ ಅವಳು ಅಕ್ಕನ ಮನೆ ಸೇರಿದಳು. ಮನೆ ಬಿಕೋ ಎಂದಿತು. ಸಂಕ್ರಾಂತಿಯ ಮುನ್ನಾದಿನ ನಾನೂ ಕಲ್ಯಾಣ ನಗರಕ್ಕೆ ಹೊರಟೆ. ಇನ್ನು ಮೇಲೆ ಸೀರೆ ನೋಡಬಾರದು, ಮುಖವನ್ನೇ ನೋಡಬೇಕು ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಪ್ರತಿಜ್ಞೆ ಮಾಡಿದೆ. ಬಾಗಿಲು ತೆರೆಯಿತು. ಆ ಮುಖ ಕಂಡೊಡನೆ ಕಣ್ಣು ತುಂಬಿ ಬಂತು.

"ತಪ್ಪಾಯ್ತು ಕಣೇ, ನಡಿ ಮನೆಗೆ" ಎಂದು ಕೈ ಹಿಡಿದೆ.

ಅಡುಗೆಮನೆಯಿಂದ ಶಾರದೆಯ ಧ್ವನಿ ಕೇಳಿಸಿತು: "ಅಕ್ಕಾ, ಯಾರು ಬಂದಿದ್ದು?"