ಫಿನಾಯಿಲ್ ಕುಡಿದ ಪೀಪಾಯಿ

ಅತ್ತೆಯದು ಕ್ಷಮಿಸುವ ಸ್ವಭಾವವಲ್ಲ. ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದಷ್ಟು ಕಾಲ ಆಕೆ ಒಂದೇ ಒಂದು ಕ್ರಿಮಿಯನ್ನೂ ಜೀವಸಹಿತ ಬಿಟ್ಟವರಲ್ಲ. ನಿವೃತ್ತರಾಗಿ ಮಗಳ ಮನೆಗೆ ಬಂದ ಮೇಲೆ ಅದೇ ಶಿಸ್ತನ್ನು ಅಳಿಯನ ಮೇಲೂ ಜಾರಿಗೊಳಿಸಿದ್ದರು. ಅಂಥ ಮನೆಯ ಹಿತ್ತಲಲ್ಲಿ ಅಳಿಯ ಕ್ರಿಮಿ ಸಾಕಲು ಹೊರಟದ್ದು ಹುಲಿಯ ಗುಹೆಯಲ್ಲಿ ಆಡಿನ ದೊಡ್ಡಿ ಕಟ್ಟಿದಂತೆ.

ಅಳಿಯ ಪುರಸಭೆಯಲ್ಲಿ ಕಡಲತೀರದ ಕಸ ಎತ್ತಿಸುವ ಮೇಲ್ವಿಚಾರಕ. ಅಲೆಗಳು ತಂದೆಸೆಯುವ ಕಡಲಪಾಚಿಯನ್ನು ಲಾರಿಗೆ ತುಂಬಿಸಿ ತುಂಬಿಸಿಯೇ ಅವನ ತಲೆಕೂದಲು ನೆರೆತಿತ್ತು. ಒಂದು ದಿನ ಊಟಕ್ಕೆ ಕುಳಿತವನು ಸಿಂಹಾಸನದಿಂದ ಘೋಷಿಸುವವನಂತೆ ಹೇಳಿದ:

"ಇನ್ನು ಪಾಚಿ ಕಸದ ಗುಂಡಿಗೆ ಹೋಗಲ್ಲ, ಒಲೆಗೆ ಬರುತ್ತೆ. ಅದನ್ನ ಕೊಳೆಸಿ ಗ್ಯಾಸ್ ಮಾಡ್ತೀನಿ. ಬರೋ ತಿಂಗಳು ಸಾಹೇಬ್ರು ನಮ್ಮ ಅಡುಗೆಮನೆಗೇ ಬಂದು ನೋಡ್ತಾರೆ. ಆ ಗ್ಯಾಸಲ್ಲಿ ಚಹಾ ಕುದಿಸಿ ಕೊಟ್ರೆ ಊರಿಗೊಂದು ಗ್ಯಾಸ್ ಘಟಕ. ಅದಕ್ಕೆ ನಾನೇ ಮುಖ್ಯಸ್ಥ."

"ಕುದೀದೇ ಇದ್ರೆ?" ಎಂದಳು ಹೆಂಡತಿ.

"ನಿವೃತ್ತಿ ತನಕ ಲಾರಿ."

"ಕೊಳೆಸೋದು ಯಾರು?" ಅತ್ತೆ ಕೇಳಿದರು.

"ಕ್ರಿಮಿಗಳು ಅತ್ತೆ. ಕೋಟಿಗಟ್ಟಲೆ."

ಅತ್ತೆ ತಟ್ಟೆ ಸರಿಸಿ ಎದ್ದುಹೋಗಿ ಕೈ ತೊಳೆದುಕೊಂಡರು. ಸಾಬೂನು ಹಾಕಿ.

ಮಹಾಕಾರ್ಯ ಆರಂಭವಾಯಿತು. ಪಾಚಿಯ ಉಪ್ಪು ತೊಳೆಯಲು ಹೋಗಿ ಬಚ್ಚಲ ಕೊಳವೆ ಮರಳಿನಿಂದ ಕಟ್ಟಿಕೊಂಡಿತು. ಹಿತ್ತಲಿನ ಪೀಪಾಯಿಗೆ ಪಾಚಿಯೂ ಸಗಣಿನೀರೂ ಬಿದ್ದವು. ಹುಟ್ಟುವ ಗ್ಯಾಸ್ ತುಂಬಿಕೊಳ್ಳಲು ಲಾರಿಯ ಹಳೆಯ ಟ್ಯೂಬು, ಅಲ್ಲಿಂದ ಅಡುಗೆಮನೆಯ ಒಲೆಗೆ ಒಂದು ಪೈಪು. ಗ್ಯಾಸಿನ ನಾತ ಹೀರಲು ಪೈಪಿನ ನಡುವೆ ತುರುಕಿದ್ದು ಹೆಂಡತಿ ಪಾತ್ರೆ ಉಜ್ಜುವ ಉಕ್ಕಿನ ನಾರು. ಟ್ಯೂಬು ದಿನೇ ದಿನೇ ಊದಿತು. ಅದರ ಜೊತೆಗೆ ಅಳಿಯನೂ. ಕಚೇರಿಯಲ್ಲಿ, ಕ್ಷೌರದಂಗಡಿಯಲ್ಲಿ, ಎದುರಿಗೆ ಸಿಕ್ಕವರಿಗೆಲ್ಲ ಕ್ರಿಮಿಗಳ ಮಹಿಮೆ ವಿವರಿಸಿದ.

ಸಾಹೇಬರು ಬರುವ ಹಿಂದಿನ ದಿನ ನೋಡಿದರೆ ಟ್ಯೂಬು ಅರ್ಧಕ್ಕಿಳಿದು ಮೆತ್ತಗಾಗಿದೆ. ಅಳಿಯ ಟ್ಯೂಬಿನ ಬಾಯಿ ಕಟ್ಟಿ ಪೀಪಾಯಿಯ ಮುಚ್ಚಳ ತೆರೆದ. ಕೊಳೆತ ವಾಸನೆ ಮಾಯ. ಆಸ್ಪತ್ರೆಯ ವರಾಂಡದಂತೆ ಘಮಘಮ!

"ಅತ್ತೆ, ಪೀಪಾಯಿಗೆ ಏನಾದ್ರೂ ಹಾಕಿದ್ರಾ?"

"ಫಿನಾಯಿಲ್. ಮುಚ್ಚಳ ತೆಗೆದು, ಬಾಟಲಿ ಪೂರ್ತಿ." ಮುಚ್ಚುಮರೆ ಆಕೆಯ ಜಾಯಮಾನದಲ್ಲೇ ಇರಲಿಲ್ಲ. "ಕೊಳೆತ ಮೊಟ್ಟೆ ನಾತ ನನ್ನ ಕಿಟಕಿ ತನಕ ಬಂತು. ನಾತ ಬಂದ್ರೆ ಏನು ಮಾಡ್ಬೇಕು ಅಂತ ನನಗೆ ಗೊತ್ತು."

"ಒಂದು ಕ್ರಿಮೀನೂ ಉಳಿದಿಲ್ಲ ಅತ್ತೆ."

"ಉಳೀಬಾರ್ದು ಅಂತಲೇ ಹಾಕಿದ್ದು."

"ಅಮ್ಮಾ, ಅವಿಲ್ದೆ ಗ್ಯಾಸ್ ಹುಟ್ಟಲ್ಲ," ಎಂದಳು ಮಗಳು. "ಇವರ ಕೆಲಸದ ಪ್ರಶ್ನೆ."

ಅತ್ತೆ ಅಳಿಯನತ್ತ ತಿರುಗಿದರು. "ಊರಿಗೆಲ್ಲ ಪಾಠ ಹೇಳಿದ್ರಲ್ಲ, ಕೊಲ್ಬೇಡಿ ಅಂತ ನನಗೊಂದು ಮಾತು ಹೇಳ್ಬಾರ್ದಿತ್ತಾ? ವಾರ್ಡಲ್ಲಿ ಮುಟ್ಟಬಾರದ್ದರ ಮೇಲೆ ನಾವು ಚೀಟಿ ಅಂಟಿಸ್ತಿದ್ವಿ."

ಅಳಿಯ ಪೀಪಾಯಿಯ ಮುಚ್ಚಳವನ್ನು ಮತ್ತೆ ಮುಚ್ಚಿದ.

ಮರುದಿನ ಟ್ಯೂಬಿನಲ್ಲಿ ಅಳಿದುಳಿದ ಗ್ಯಾಸೇ ಗತಿ. ಅದು ಒಲೆಯವರೆಗೆ ಹರಿಯಲು ಮೇಲೆ ಭಾರ ಹೇರಬೇಕು. ಇಟ್ಟಿಗೆ ಹೇರಿದ್ದಾಯಿತು, ಸಾಹೇಬರು ಕುರ್ಚಿಯಲ್ಲಿ ಕೂರುವ ಹೊತ್ತಿಗೆ ಇಟ್ಟಿಗೆಗಳು ಒಂದೊಂದಾಗಿ ಜಾರಿದವು. ಒಲೆಯ ಮೇಲೆ ಚಹಾ, ಕೆಳಗೆ ಸಾಸಿವೆಕಾಳಿನಷ್ಟು ಜ್ವಾಲೆ. ಅಳಿಯನ ಕಣ್ಣ ಮುಂದೆ ಲಾರಿಗಳು ಸಾಲುಗಟ್ಟಿ ನಿಂತವು.

ಇದ್ದಕ್ಕಿದ್ದಂತೆ ಜ್ವಾಲೆ ಹೂವಿನಂತೆ ಅರಳಿತು. ಅಳಿಯ ಕಿಟಕಿಯಲ್ಲಿ ಇಣುಕಿದ. ಹಿತ್ತಲಲ್ಲಿ ಅತ್ತೆ ಟ್ಯೂಬಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದರು, ಇಡೀ ವಾರ್ಡಿನ ಮೇಲೆ ಕಣ್ಣಿಟ್ಟವರ ಹಾಗೆ. ಬಟ್ಟೆಯ ಹಗ್ಗದ ಮೇಲೆ ಕೂತ ಕಾಗೆಯನ್ನು ಓಡಿಸಲು ಎದ್ದರು, ಜ್ವಾಲೆ ಮುದುಡಿತು. ಅಳಿಯ ಜೋರಾಗಿ ಕೆಮ್ಮಿದ. ಕುಳಿತರು; ಜ್ವಾಲೆ ಎದ್ದಿತು.

"ಒತ್ತಡಕ್ಕೆ ಪಂಪ್ ಇಟ್ಟಿದ್ದೀರಾ?" ಸಾಹೇಬರು ಕೇಳಿದರು.

"ಇಲ್ಲ ಸಾರ್. ಅತ್ತೆ ಇದ್ದಾರೆ."

ಸಾಹೇಬರು ಎದ್ದು ಕಿಟಕಿಗೆ ಬಂದರು. ಅತ್ತೆ ಕೂತಲ್ಲಿಂದಲೇ ಹೇಳಿದರು: "ಬೇಗ ಕುದಿಸಿ. ನಾನು ನೆಲಕ್ಕೆ ಇಳೀತಾ ಇದ್ದೀನಿ."

ಚಹಾ ಉಕ್ಕಿತು. ಅದೇ ಗಳಿಗೆಗೆ ಜ್ವಾಲೆ ಟುಪ್ಪೆಂದು ಆರಿತು. ಹೆಂಡತಿ ತಡೆಹಿಡಿದಿದ್ದ ಉಸಿರು ಒಲೆ ಊದುವಷ್ಟು ಜೋರಾಗಿ ಹೊರಬಿತ್ತು. ಫಿನಾಯಿಲ್ ಪ್ರಸಂಗವನ್ನು ಅಳಿಯ ತಾನೇ ಒಪ್ಪಿಸಿದ. ಆ ವಾಸನೆಯನ್ನು ಬಚ್ಚಿಡುವುದು ಹೇಗಿದ್ದರೂ ಸಾಧ್ಯವಿರಲಿಲ್ಲ. ಸಾಹೇಬರು ನಗುತ್ತ ಲೋಟ ಖಾಲಿ ಮಾಡಿದರು.

"ಸತ್ತವು ಸತ್ತವು, ಹೊಸದಾಗಿ ಸಾಕಿ. ಪಾಚಿ ಉರಿಯುತ್ತೆ ಅನ್ನೋದನ್ನ ಕಣ್ಣಾರೆ ನೋಡಿದೆನಲ್ಲ. ಘಟಕ ನಿಮ್ಮದೇ. ಆದ್ರೆ ಒತ್ತಡಕ್ಕೆ ಬೇರೆ ಏರ್ಪಾಟು ಮಾಡ್ಕೊಳ್ಳಿ. ಪುರಸಭೆಗೆ ಅಷ್ಟೊಂದು ಅತ್ತೆಯರು ಸಿಗಲ್ಲ."

ಸಂಜೆ ಅಳಿಯ ಪೀಪಾಯಿಯನ್ನು ತಿಕ್ಕಿ ತೊಳೆದು ಹೊಸ ಪಾಚಿ, ಹೊಸ ಸಗಣಿನೀರು ತುಂಬಿದ. ಈ ಸಲ ಅತ್ತೆಯ ಎದುರು ನಿಂತು ಎಲ್ಲವನ್ನೂ ವಿವರಿಸಿದ. ಚಳಿಯಾದರೆ ಕ್ರಿಮಿಗಳು ಕೆಲಸ ಮಾಡುವುದಿಲ್ಲ ಎಂಬುದನ್ನೂ. ಎಲ್ಲ ಕೇಳಿ ಅತ್ತೆ ಕೈ ತೊಳೆಯಲು ಎದ್ದುಹೋದರು.

ಬೆಳಿಗ್ಗೆ ಹಿತ್ತಲಿಗೆ ಬಂದವನು ಬಾಗಿಲಲ್ಲೇ ನಿಂತ. ಪೀಪಾಯಿಗೆ ಅತ್ತೆಯ ಬೂದುಬಣ್ಣದ ಉಣ್ಣೆಯ ಕಂಬಳಿ ಹೊದಿಸಲಾಗಿತ್ತು; ಮಗಳೂ ಮುಟ್ಟಬಾರದ ಕಂಬಳಿ. ಮುಚ್ಚಳದ ಮೇಲೆ ಒಂದು ಚೀಟಿ: "ಫಿನಾಯಿಲ್ ಹಾಕಬಾರದು."

"ಅತ್ತೆ, ಇದು..."

"ನಿಂತು ನೋಡೋದೇನಿದೆ? ಕೈ ತೊಳ್ಕೊಂಡು ತಿಂಡಿಗೆ ನಡೀರಿ."

ಹಾಗೆ ಗದರುತ್ತಲೇ ಅತ್ತೆ ಬಗ್ಗಿ, ಜಾರಿದ್ದ ಕಂಬಳಿಯ ಅಂಚನ್ನು ಪೀಪಾಯಿಯ ಸುತ್ತ ಮೆಲ್ಲಗೆ ಒತ್ತಿ ಸಿಕ್ಕಿಸಿದರು.