ಗ್ರೈಂಡರಿನ ಮೂರನೇ ಕಾಲು

ನನಗೆ ಓದುಬರಹ ಅಷ್ಟಕ್ಕಷ್ಟೆ. ಆದರೆ ಐಎಸ್‌ಐ ಮುದ್ರೆಯನ್ನು ಮಾತ್ರ ಕತ್ತಲಲ್ಲೂ ಗುರುತು ಹಿಡಿಯುತ್ತೇನೆ. ಹಾಗಾಗಿ ಇಡ್ಲಿ ಹಿಟ್ಟು ರುಬ್ಬುವ ಗ್ರೈಂಡರ್ ತರುವ ಗುರುತರ ಹೊಣೆಯನ್ನು ನಾನೇ ವಹಿಸಿಕೊಂಡೆ.

ಸೊಸೆ ಸುಧಾ ಒಪ್ಪಲಿಲ್ಲ. "ಅತ್ತೆ, ಏನಾದ್ರೂ ಎಡವಟ್ಟಾದ್ರೆ ಆಮೇಲೆ ಅಡುಗೆಮನೆ ಸ್ವಿಚ್ಚು ಒಂದೂ ನೀವು ಮುಟ್ಟಂಗಿಲ್ಲ ನೋಡಿ."

"ಆಯ್ತು ಕಣೇ, ಮುಟ್ಟಲ್ಲ!" ಎಂದು ಪಂಥ ಕಟ್ಟಿ ಭದ್ರಾವತಿಗೆ ಹೋದೆ. ಅಲ್ಲಿ ಪರಿಚಯದ ಅಂಗಡಿ. ಮುದ್ರೆ ನೋಡಿದೆ. ಡಬ್ಬದ ಮೇಲೆ "ಮನೆ ಬಳಕೆಗೆ" ಎಂದಿದ್ದನ್ನು ಅಕ್ಷರ ಕೂಡಿಸಿ ಓದಿದೆ. ತಂದೆ.

ಗೋಪಾಳದ ನಮ್ಮ ಮನೆ ಹಳೆಯದು. ಗೋಡೆಯಲ್ಲಿ ಎರಡೇ ತೂತು, ಪ್ಲಗ್ಗಿಗೆ ಮೂರು ಕಾಲು. ಮೇಲಿನ ದಪ್ಪ ಕಾಲನ್ನು ಇಕ್ಕಳದಲ್ಲಿ ಹಿಡಿದು ಕಿತ್ತೆಸೆದೆ. ಸರಿಯಾಗಿ ಕೂತಿತು! ಇನ್ನು ಹೊಸ ಪಾತ್ರೆಯನ್ನು ತೊಳೆಯದೆ ಯಾರು ಬಳಸುತ್ತಾರೆ? ನಲ್ಲಿ ಕೆಳಗಿಟ್ಟು ಬುಡಸಮೇತ ತೊಳೆದೆ.

ರುಬ್ಬುವಾಗ ಕೈ ಜುಮ್ಮೆಂದಿತು. ಹೊಸದಲ್ಲವೇ, ಚುರುಕಾಗಿದೆ ಎಂದುಕೊಂಡು ರಬ್ಬರ್ ಚಪ್ಪಲಿ ಮೆಟ್ಟಿಕೊಂಡೆ. ಜುಮ್ಮೆನ್ನುವುದು ನಿಂತಿತು. ಆದರೆ ಸುಧಾ ಬರಿಗಾಲಲ್ಲಿ ಬಂದು ಮುಟ್ಟಿಬಿಟ್ಟಳು. "ಅಯ್ಯಯ್ಯಪ್ಪಾ!" ಎಂದು ಹಾರಿದ ರಭಸಕ್ಕೆ ಹಿಟ್ಟು ಗೋಡೆಗೆ, ಅವಳು ಅಕ್ಕಿ ಡಬ್ಬದ ಮೇಲಕ್ಕೆ! ಪುಣ್ಯಕ್ಕೆ ಏನೂ ಆಗಲಿಲ್ಲ. ಬಾಯಂತೂ ನೆಟ್ಟಗೇ ಇತ್ತು.

ಮರುದಿನ ಗ್ರೈಂಡರನ್ನು ತೊಡೆಯ ಮೇಲಿಟ್ಟುಕೊಂಡು ಭದ್ರಾವತಿ ಬಸ್ಸಿನಲ್ಲಿ ಕೂತೆ. ಸಾಕ್ಷಿಗೆಂದು ಸುಧಾಳೂ ಬಂದಳು.

"ಮುದ್ರೆ ತೋರ್ಸಿ ಮೋಸ ಮಾಡ್ತೀಯೇನೋ ಮಾರಾಯ?" ಎಂದು ಅಂಗಡಿ ತುಂಬ ಕೇಳುವಂತೆ ಕೂಗಿದೆ.

ಅಂಗಡಿಯವನು ಪ್ಲಗ್ ತಿರುಗಿಸಿ ನೋಡಿದ. "ಅಜ್ಜೀ, ಅರ್ಥ್ ಎಲ್ಲಿ?"

"ಅರ್ಥ ನಂಗೂ ಆಗ್ತಿಲ್ಲ. ಅದಕ್ಕೇ ಬಂದಿದ್ದು!"

"ಅರ್ಥ ಅಲ್ಲ, ಅರ್ಥ್! ಮೂರನೇ ಪಿನ್ನು. ಕರೆಂಟು ಸೋರಿದ್ರೆ ಅದರಲ್ಲೇ ಭೂಮಿಗೆ ಇಳಿಯೋದು."

"ತೂತೇ ಇಲ್ಲದ ಮೇಲೆ ಕಾಲ್ಯಾಕೆ? ಕಿತ್ತೆ."

ಅವನು ಗ್ರೈಂಡರನ್ನು ಓರೆ ಮಾಡಿದ. ಬುಡದಿಂದ ನೀರು ತೊಟ್ಟಿಕ್ಕಿತು. "ಮೋಟಾರೊಳಗೆ ನೀರು?"

"ತೊಳ್ದೆ."

ಅವನು ಸ್ಟೂಲಿನ ಮೇಲೆ ಕುಳಿತೇಬಿಟ್ಟ. "ಮುದ್ರೆ ಗ್ರೈಂಡರಿಗೆ ಅಜ್ಜಿ, ನಿಮ್ಮನೆ ಗೋಡೆಗಲ್ಲ."

"ಮನೆ ಬಳಕೆಗೆ ಅಂತ ಬರ್ದಿದೆ. ಗೋಡೆ ಏನು ಮನೆದಲ್ವಾ?"

"ಮನೇಲಿ ಬಳಸೋ ಸಾಮಾನು ಅಂತ. ಅದನ್ನೇ ಸಣ್ಣ ಅಂಗಡಿಯವರು ಬಳಸಿದ್ರೂ ಅದೇ ನಿಯಮ. ಗೋಡೆ ವೈರಿಂಗಿನ ನಿಯಮವೇ ಬೇರೆ."

ಅಂಗಡಿಯೂ ಮನೆಯಂತೆ, ನನ್ನ ಗೋಡೆ ಮಾತ್ರ ಮನೆಯಲ್ಲವಂತೆ! ತಲೆ ಗಿರ್ರೆಂದಿತು.

"ಹಂಗಾದ್ರೆ ಬಳಸೋ ಮನುಷ್ಯರಿಗೆ ಆ ಮುದ್ರೇಲಿ ಏನೂ ಇಲ್ವಾ?"

"ಇದೆ. ಒದ್ದೆ ಕೈ, ಮರೆವು, ಗಡಿಬಿಡಿ ಎಲ್ಲ ಯೋಚ್ಸೇ ಮಾಡಿರ್ತಾರೆ. ಇಕ್ಕಳ ಹಿಡ್ಕೊಂಡು ಬರೋರನ್ನ ಮಾತ್ರ ಯಾರೂ ಯೋಚ್ಸಿಲ್ಲ."

ಎಲ್ಲರಿಗಿಂತ ಜೋರಾಗಿ ನಕ್ಕವಳು ಸುಧಾ.

ಈಗ ಗೋಡೆಗೆ ಮೂರು ತೂತು ಬಂದಿವೆ. ರಿಪೇರಿಯಾದ ಗ್ರೈಂಡರ್ ಚೆನ್ನಾಗಿಯೇ ತಿರುಗುತ್ತದೆ. ಸ್ವಿಚ್ಚೆಲ್ಲ ಸುಧಾಳ ಪಾಲಿಗೆ, ಅಕ್ಕಿ ನೆನೆಹಾಕುವುದು ನನ್ನ ಪಾಲಿಗೆ. ಅದಕ್ಕೆ ಕರೆಂಟು ಬೇಡ. ಆದರೂ ಅವಳು ಬಂದು ಒಮ್ಮೆ ಇಣುಕಿ ನೋಡಿಯೇ ಹೋಗುತ್ತಾಳೆ!