ಯರ್ರೆಪ್ಪನ ಹೊಲದ ಜರ್ಮನ್ ದೊರೆ

ಬೆಳಿಗ್ಗೆ ಏಳಕ್ಕೆ ಊರಿನ ವಾಟ್ಸಾಪ್ ಗುಂಪಿಗೆ ಬಂದ ಒಂದು ಸಂದೇಶ ಓದಿ ಯರ್ರೆಪ್ಪ ಹಲ್ಲುಜ್ಜುವುದನ್ನು ಅರ್ಧಕ್ಕೇ ಬಿಟ್ಟ.

ಕಳಿಸಿದವರು ಹೊಸಹಳ್ಳಿಯ ಗ್ರಾಮ ಆಡಳಿತಾಧಿಕಾರಿ ಭೂಮಿಕಾ ಮೇಡಂ. ಜರ್ಮನಿಯಿಂದ ಹನ್ನಾ ಕ್ರಾಮರ್ ಎಂಬ ಅಜ್ಜಿ ಬಂದಿದ್ದಾರೆ, ಅವರ ಅಜ್ಜ ನೂರು ವರ್ಷದ ಹಿಂದೆ ಇಲ್ಲಿ ಹತ್ತಿ ಬೆಳೆಸಿದ್ದರಂತೆ, ಹೊಲದಲ್ಲಿ ತಮ್ಮ ಹೆಸರಿನ ಕಲ್ಲು ನೆಟ್ಟಿದ್ದರಂತೆ, ಹನ್ನೊಂದಕ್ಕೆ ನೋಡಲು ಬರುತ್ತೇವೆ, ಗೊತ್ತಿದ್ದವರು ಹೊಲದ ಹತ್ತಿರ ಇರಿ ಎಂದಿತ್ತು.

ಆ ಕಲ್ಲು ಇದ್ದದ್ದು ಯರ್ರೆಪ್ಪನ ಹೊಲದಲ್ಲಿ. ಯಾರಿಗೂ ಓದಲು ಬಾರದ ಅಕ್ಷರಗಳ ಆ ಕಲ್ಲಿಗೆ ಅವನ ಮನೆತನ ಕಲ್ಲಪ್ಪ ಎಂದು ಹೆಸರಿಟ್ಟು, ಭಂಡಾರದ ಅರಿಶಿನ ಹಚ್ಚಿ, ಎಳ್ಳಮಾಸಿ ಹಬ್ಬಕ್ಕೆ ಎಡೆಯ ಅನ್ನವನ್ನು ಚರಗವೆಂದು ಹೊಲದ ತುಂಬ ಚೆಲ್ಲಿ, ಒಂದು ಬೀಡಿ ಹಚ್ಚಿಟ್ಟು ಬರುತ್ತಿತ್ತು. ಬೀಡಿ ಯಾಕೆಂದು ಯಾರಿಗೂ ತಿಳಿಯದು. ದೇವರೂ ಬೇಡ ಅಂದಿರಲಿಲ್ಲ. ಕೊರತೆ ಇದ್ದದ್ದು ಹೊಲದ ಸರ್ಕಾರಿ ದಾಖಲೆಯಾದ ಪಹಣಿಯಲ್ಲಿ. ಒಡೆಯನ ಹೆಸರಿರಬೇಕಾದ ಒಂಬತ್ತನೇ ಕಾಲಂ ಖಾಲಿ. ಪಕ್ಕದ ಹೊಲದ ಬೆನಕಪ್ಪನದೂ ಹಾಗೇ ಖಾಲಿ. ಹಳೇ ಕಾಗದ ಇಲ್ಲದೆ ಇಬ್ಬರೂ ಹನ್ನೊಂದು ವರ್ಷದಿಂದ ಕಚೇರಿಗೆ ಅಲೆಯುತ್ತಿದ್ದರು.

ಯರ್ರೆಪ್ಪ ಗುರುಬಸವರಾಜನ ಮನೆಗೆ ಓಡಿದ. ಗುರುಬಸವರಾಜ ಹಿಂದೆ ಕೋರ್ಟಿನ ಎದುರು ಝೆರಾಕ್ಸ್ ಅಂಗಡಿ ಇಟ್ಟಿದ್ದವನು. ಹಾಗಾಗಿ ಊರಿಗೆಲ್ಲ ಅವನೇ ವಕೀಲ.

“ಅಷ್ಟು ದೂರದಿಂದ ಬರೇ ಕಲ್ಲು ನೋಡಾಕ ಬರ್ತಾಳೇನಲೇ? ವಾರಸುದಾರಳು ಅಂತ ಹೊಲ ಕೇಳಾಕ ಬಂದಾಳ. ಕಲ್ಲಿನ ಮ್ಯಾಲೆ ಅವರ ಹೆಸರೈತಿ, ಪಹಣ್ಯಾಗ ನಿನ್ ಹೆಸರಿಲ್ಲ. ಹೊಲ ಹೋತು ಅಂತ ತಿಳಕ.”

“ಹಂಗಾರ ಕಲ್ಲು ಕಿತ್ತು ಹಳ್ಳಕ್ಕ ಒಗದು ಬರ್ಲೇನಣ್ಣ?”

ಯರ್ರೆಪ್ಪನ ಹಿಂದೆಯೇ ಬಂದಿದ್ದ ಹೆಂಡತಿ ಗಾದೆಮ್ಮ ತಡೆದಳು. “ದ್ಯಾವ್ರನ್ನ ಒಗದ್ರ ಮನಿ ಉಳಿತೈತೇನು?”

ಒಗೆಯಬಾರದು, ಇಟ್ಟುಕೊಳ್ಳಬಾರದು. ಗುರುಬಸವರಾಜ ಗಡ್ಡ ಕೆರೆದುಕೊಂಡ. “ದ್ಯಾವ್ರು ಕನಸಿನಾಗ ಬಂದು ಬ್ಯಾರೆ ಜಾಗ ಕೇಳಿದ್ರ ಕೊಡಬೌದಲ್ಲ?”

ಬೆನಕಪ್ಪನ ಹತ್ತಿರ ಇದ್ದದ್ದು ಗುಂಡಿ ಒತ್ತುವ ಹಳೇ ಮೊಬೈಲು. ಸಂದೇಶದ ಗಾಳಿಯೂ ಅವನಿಗೆ ಸೋಕಿರಲಿಲ್ಲ.

“ಬೆನಕಪ್ಪಣ್ಣ, ಕಲ್ಲಪ್ಪ ಕನಸಿನಾಗ ಬಂದಿದ್ದ. ನಿಮ್ಮ ಬೇವಿನ ಗಿಡದ ನೆಳ್ಳು ಬೇಕಂತ,” ಎಂದ ಯರ್ರೆಪ್ಪ ಅವನ ಮನೆಗೆ ಹೋಗಿ.

ಬೆನಕಪ್ಪ ಕೈಮುಗಿದ. “ದ್ಯಾವ್ರು ತಾನಾಗೇ ಬರ್ತೀನಿ ಅಂದ್ರ ಬ್ಯಾಡ ಅನ್ನಾಕ ನಾನ್ಯಾರಪ?”

ಬೆನಕಪ್ಪನೇ ಟ್ರ್ಯಾಕ್ಟರ್ ತೆಗೆದ. ನಾಲ್ಕು ಜನ ಹಾರೆ ಹಾಕಿ ಅಗೆದರೆ ಕಲ್ಲು ಮೇಲಿದ್ದದ್ದಕ್ಕಿಂತ ಕೆಳಗೇ ಹೆಚ್ಚಿತ್ತು. ಹಾರೆ ಜಾರಿ ಯರ್ರೆಪ್ಪನ ಕಾಲಿನ ಹೆಬ್ಬೆರಳ ಮೇಲೆ ಬಿತ್ತು. ಟ್ರ್ಯಾಕ್ಟರ್ ಬದುವಿನಲ್ಲಿ ಹೂತುಕೊಂಡಿತು. ಅಂತೂ ಹತ್ತೂವರೆಗೆ ಕಲ್ಲಪ್ಪ ಬೇವಿನ ಕೆಳಗೆ ನಿಂತ. ಬೆನಕಪ್ಪ ಐದು ಕಾಯಿ ಒಡೆದ.

ಜೀಪು ಬಂತು. ಬೆಳ್ಳಿಕೂದಲ ಅಜ್ಜಿ ಇಳಿದವಳೇ ಕಲ್ಲಿನ ಮೇಲೆ ಬೆರಳಾಡಿಸಿ, ಅಕ್ಷರ ಓದಿ, ಭಂಡಾರಕ್ಕೆ ಹಣೆ ಹಚ್ಚಿ ಅತ್ತಳು. ಯರ್ರೆಪ್ಪನಿಗೆ ಪಾಪ ಅನ್ನಿಸಿತು. ಆದರೆ ಹೊಲದ ಭಯ ದೊಡ್ಡದು.

“ಈ ಕಲ್ಲು ಮೊದಲಿಂದ್ಲೂ ಇಲ್ಲೇ ಐತೇನ್ರಿ?” ಭೂಮಿಕಾ ಕೇಳಿದರು.

ಬೆನಕಪ್ಪ ಬಾಯಿ ತೆರೆಯುವುದರೊಳಗೆ ಗುರುಬಸವರಾಜ ಅವನ ಕಾಲು ತುಳಿದ. ಯರ್ರೆಪ್ಪ ಮುಂದೆ ಬಂದ. “ನಮ್ಮ ಮುತ್ತಾತನ ಕಾಲದಿಂದ ಬೆನಕಪ್ಪಣ್ಣನ ಹೊಲದಾಗ ಐತ್ರಿ. ನಮಗೂ ಅದಕ್ಕೂ ಏನೂ ಸಂಬಂಧಿಲ್ರಿ.”

“ಮಣ್ಣು ಹಸಿ ಐತಲ್ಲ?”

“ಹೆಗ್ಗಣ ತೋಡ್ಯಾವ್ರಿ.”

“ಪಕ್ಕದ ಹೊಲದವ್ರು ನೀವಲ್ಲ, ಈ ಕಾಗದಕ್ಕ ಸಾಕ್ಷಿ ಸಹಿ ಹಾಕ್ರಿ.”

ಯರ್ರೆಪ್ಪ ಖುಷಿಯಿಂದ, ಹೆಸರು ಊರು ಸಮೇತ, ಸಹಿ ಹಾಕಿದ. ಮನಸ್ಸು ಹತ್ತಿಯಷ್ಟು ಹಗುರಾಯಿತು.

ಆಗ ಅಜ್ಜಿ ಚೀಲದಿಂದ ಹಳದಿ ಬಣ್ಣಕ್ಕೆ ತಿರುಗಿದ ಕಾಗದ ತೆಗೆದಳು. ಅವಳ ಇಂಗ್ಲಿಷನ್ನು ಭೂಮಿಕಾ ಕನ್ನಡಕ್ಕೆ ಹೇಳತೊಡಗಿದರು.

“ಇವರು ಜರ್ಮನ್ಯಾಗ ತಮ್ಮ ಮನಿಯ ಹಳೇ ಪುಸ್ತಕ, ದಾಖಲಿ ಎಲ್ಲ ಹುಡುಕಿದಾಗ ಈ ದಾನಪತ್ರ ಸಿಕ್ಕೈತಿ. ಇವರ ಅಜ್ಜ ದೊರೆ ವಾಪಸ್ ಹೋಗಬೇಕಾದ್ರ ಹೊಲಾನ ಉಳುವ ರೈತಗ ಬರೆದು ಕೊಟ್ಟಾರ, ಆದ್ರ ಕಾಗದ ಅವರ ಹತ್ರನ ಉಳದೈತಿ. ರೈತನ ಹೆಸರು ಬರಿಯಾಕ ಬರಲಾರದ್ಕ, ‘ನನ್ನ ಕಲ್ಲಿರುವ ಹೊಲದವನಿಗೆ, ಅವನ ವಂಶದವರಿಗೆ’ ಅಂತ ಐತಿ. ಸರ್ಕಾರದ ಮೊಹರೂ ಐತಿ. ಅದನ್ನ ಕೊಡಾಕಂತನ ಬಂದಾರ. ಬೆನಕಪ್ಪನೋರೆ, ನಿಮ್ಮ ಕಾಲಂ ತುಂಬ್ತು ನೋಡ್ರಿ.”

ಬೆನಕಪ್ಪ ಕಲ್ಲಪ್ಪನ ಮುಂದೆ ಅಡ್ಡಬಿದ್ದ, ಯರ್ರೆಪ್ಪ ಕೈ ಎತ್ತಿದ. “ಮೇಡಂ, ಆ ಕಲ್ಲು... ಇವತ್ತು ಬೆಳಿಗ್ಗೆ...”

ಭೂಮಿಕಾ ಪೆನ್ನಿನ ಮುಚ್ಚಳ ಹಾಕಿದರು. “ಬೆಳಿಗ್ಗೆ ಏನು? ಹೊಲದ ಕಲ್ಲು ಕಿತ್ತು ಜಾಗ ಬದಲಿಸಿದ್ರ, ಸುಳ್ಳು ಸಾಕ್ಷಿ ಹಾಕಿದ್ರ ಕೇಸಾಗತೈತಿ. ಏನಾತು ಹೇಳ್ರಿ.”

ಕಲ್ಲು ಕಿತ್ತಿದ್ದ ನಾಲ್ವರೂ ಬೇವಿನ ಮರದಲ್ಲಿ ಹಕ್ಕಿ ಹುಡುಕತೊಡಗಿದರು. ವಕೀಲ ಗುರುಬಸವರಾಜ ಆಗಲೇ ಬದು ದಾಟಿದ್ದ.

“ಬೆಳಿಗ್ಗೆ ಪೂಜಿ ಚಲೋ ಆತ್ರಿ ಅಂದೆ,” ಎಂದ ಯರ್ರೆಪ್ಪ. ಅಷ್ಟರಲ್ಲಿ ಅವನ ಕಣ್ಣಿಂದ ದಳದಳ ನೀರಿಳಿಯುತ್ತಿತ್ತು.

ಅದನ್ನು ಕಂಡ ಅಜ್ಜಿ ಅವನ ಎರಡೂ ಕೈ ಹಿಡಿದು ಏನೋ ಹೇಳಿದಳು.

“ಏನಂತಾರ್ರಿ?” ಎಂದಳು ಗಾದೆಮ್ಮ.

“ನಮ್ಮಜ್ಜನ್ನ ನೆನೆಸಿ ನನಗಿಂತ ಹೆಚ್ಚು ಅಳೋ ಮನುಷ್ಯ ಲೋಕದಾಗ ಇವರೊಬ್ರೇ ಅಂತಿದಾರ,” ಎಂದರು ಭೂಮಿಕಾ.